ಪಾರ್ಲಿಮೆಂಟ್ ಕರೆಯೋದು ರಾಜನೇ ತಾನೆ? ಕರೆಯದೇ ಇದ್ದಿದ್ದರೆ ಆಗಿತ್ತಲ್ವಾ? (1ನೇ ಚಾರ್ಲ್ಸ್ ಬಗ್ಗೆ)

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಇಂಗ್ಲೆಂಡಿನ ಮಾತು ಬಂತು. 1649ರಲ್ಲಿ ಅಲ್ಲಿಯ ರಾಜ 1ನೇ ಚಾರ್ಲ್ಸ್‌ನ ತಲೆ ಕಡಿದರು, ಅವನಿಗೂ ಪಾರ್ಲಿಮೆಂಟಿಗೂ ಆಗುತ್ತಿರಲಿಲ್ಲ ಅಂತ ಹೇಳಿದೆ. ಅವಳು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕೇಳಿದಳು: "ಅಪ್ಪಾ, ಪಾರ್ಲಿಮೆಂಟ್ ಕರೆಯೋದೂ ರಾಜ, ಮುಚ್ಚೋದೂ ರಾಜ. ಕರೆಯದೇ ಇದ್ದಿದ್ದರೆ ಆಗಿತ್ತಲ್ವಾ? ಜಗಳ ಯಾಕೆ ಬಂತು?"

ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂದಿದ್ದೇನೆ. ತಿಳಿದವರು ದಯವಿಟ್ಟು ಹೇಳಿ. ಅವಳಿಗೆ ಅರ್ಥ ಆಗುವ ಹಾಗೆ ಇದ್ದರೆ ಇನ್ನೂ ಒಳ್ಳೆಯದು.

ಹಳೇಮೇಷ್ಟ್ರು

ಮೊದಲು ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಇಷ್ಟು ನೇರವಾಗಿ ಕೇಳಿದ ಮಕ್ಕಳು ಬಹಳ ಕಡಿಮೆ.

ಅವಳು ಹೇಳಿದ್ದನ್ನೇ ಚಾರ್ಲ್ಸ್ ಮಾಡಿದ. 1629ರಲ್ಲಿ ಪಾರ್ಲಿಮೆಂಟ್ ಮುಚ್ಚಿದವನು 1640ರವರೆಗೆ ಕರೆಯಲೇ ಇಲ್ಲ. ಹನ್ನೊಂದು ವರ್ಷ! ಕಾನೂನಿನ ಪ್ರಕಾರ ಅದು ತಪ್ಪೂ ಆಗಿರಲಿಲ್ಲ.

ತೊಡಕು ಇದ್ದದ್ದು ದುಡ್ಡಿನಲ್ಲಿ. ಆ ಕಾಲದ ಇಂಗ್ಲೆಂಡಿನಲ್ಲಿ ರಾಜ ತನ್ನ ಸ್ವಂತ ಜಮೀನಿನ ಆದಾಯ, ಬಂದರಿನ ಸುಂಕ, ಇಂಥದ್ದರಲ್ಲಿ ಆಡಳಿತ ನಡೆಸಬೇಕು ಅಂತ ಎಲ್ಲರ ನಂಬಿಕೆ. ಯುದ್ಧ ಬಂದರೆ ಅದು ಸಾಲುವುದಿಲ್ಲ. ಆಗ ಪಾರ್ಲಿಮೆಂಟ್ ಕರೆದು "ತೆರಿಗೆ ಹಾಕಲು ಒಪ್ಪಿಗೆ ಕೊಡಿ" ಅಂತ ಕೇಳಬೇಕು. ಮನೆಯ ಬೀಗದ ಕೈ ರಾಜನ ಸೊಂಟದಲ್ಲಿ, ದುಡ್ಡಿನ ಗಂಟು ಪಾರ್ಲಿಮೆಂಟಿನ ಮಡಿಲಲ್ಲಿ ಅಂತ ಮಗಳಿಗೆ ಹೇಳಿ.

ಹಿಂದಿನ ರಾಜರಿಗೆಲ್ಲ ಪಟ್ಟಕ್ಕೆ ಬಂದ ಕೂಡಲೇ ಬಂದರು ಸುಂಕವನ್ನು ಬದುಕಿರುವ ತನಕ ವಸೂಲು ಮಾಡಲು ಬಿಟ್ಟುಕೊಡುತ್ತಿದ್ದರು. 1625ರಲ್ಲಿ ಚಾರ್ಲ್ಸ್‌ಗೆ ಮಾತ್ರ ಕೆಳಮನೆಯವರು ಒಂದು ವರ್ಷಕ್ಕೆ ಅಂದರು. ಅವನಿಗೆ ಇದು ಅವಮಾನ. ಒಪ್ಪಿಗೆ ಇಲ್ಲದೆಯೇ ವಸೂಲಿಗೆ ಇಳಿದ. ಸಾಲದು ಅಂತ 1626ರಲ್ಲಿ ಬಲವಂತದ ಸಾಲ ಎತ್ತಿದ. ಕೊಡುವುದಿಲ್ಲ ಅಂದವರನ್ನು ಜೈಲಿಗೆ ಹಾಕಿದ. ಅವರಲ್ಲಿ ಐದು ಜನ ಕೋರ್ಟಿಗೆ ಹೋಗಿ "ನಮ್ಮನ್ನು ಯಾವ ತಪ್ಪಿಗೆ ಹಿಡಿದಿದ್ದೀರಿ ಹೇಳಿ" ಅಂದರು. ಬಂದ ಉತ್ತರ, "ರಾಜರ ಆಜ್ಞೆ." ಅಷ್ಟೇ!

ಆ ಸಿಟ್ಟಿನಲ್ಲಿ ಹುಟ್ಟಿದ್ದು 1628ರ ಹಕ್ಕಿನ ಮನವಿ. ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ತೆರಿಗೆ ಬೇಡ, ಕಾರಣ ಹೇಳದೆ ಜೈಲು ಬೇಡ, ಜನರ ಮನೆಗಳಲ್ಲಿ ಸೈನಿಕರನ್ನು ತಂದು ಇಳಿಸಬೇಡ, ಊರಿನ ಜನರ ಮೇಲೆ ಸೇನೆಯ ಕಾನೂನು ಬೇಡ. ರಾಜ ಒಪ್ಪಿದ. ಮರುವರ್ಷವೇ ಪಾರ್ಲಿಮೆಂಟ್ ಮುಚ್ಚಿದ.

ಬೆಳ್ಳಿಚುಕ್ಕಿ

ಮುಚ್ಚಿದ ದಿನದ ಕಥೆ ಬಿಟ್ಟುಬಿಟ್ಟಿರಲ್ಲ ಮೇಷ್ಟ್ರೇ! 1629ರ ಮಾರ್ಚ್ 2. ಸಭೆ ಮುಂದೂಡಬೇಕು ಅಂತ ರಾಜನಿಂದ ಅಪ್ಪಣೆ ಬಂದಿದೆ. ಸ್ಪೀಕರ್ ಜಾನ್ ಫಿಂಚ್ ಎದ್ದು ನಿಂತರೆ ಸಭೆ ಮುಗಿದ ಹಾಗೆ. ಹೋಲ್ಸ್, ವ್ಯಾಲೆಂಟೈನ್ ಅನ್ನೋ ಇಬ್ಬರು ಸದಸ್ಯರು ಓಡಿಹೋಗಿ ಅವನನ್ನು ಕುರ್ಚಿಯಲ್ಲೇ ಅದುಮಿ ಹಿಡಿದರು. ಅವನು ಅಳುತ್ತಾ ಕೂತ. ಬಾಗಿಲಿಗೆ ಅಗಳಿ. ಹೊರಗೆ ರಾಜನ ದೂತ ತಟ್ಟುತ್ತಿದ್ದಾನೆ. ಒಳಗೆ ಜಾನ್ ಎಲಿಯಟ್ ಗುಂಪಿನ ನಿರ್ಣಯಗಳನ್ನು ಗಟ್ಟಿಯಾಗಿ ಓದಿ ಒಪ್ಪಿಗೆ ಪಡೆದರು. ಒಪ್ಪಿಗೆ ಇಲ್ಲದ ಸುಂಕವನ್ನು ಕಟ್ಟುವವನೂ ದೇಶದ್ರೋಹಿ ಅಂತ ಅದರಲ್ಲಿತ್ತು.

ಎಲಿಯಟ್‌ನನ್ನು ಟವರ್ ಕೋಟೆಗೆ ಹಾಕಿದರು. 1632ರಲ್ಲಿ ಅಲ್ಲೇ ಸತ್ತ. ಕ್ಷಮೆ ಕೇಳಿದ್ದರೆ ಬಿಡುತ್ತಿದ್ದರು, ಅವನು ಕೇಳಲಿಲ್ಲ. ಹೆಣವನ್ನು ಊರಿಗೆ ಒಯ್ಯಲು ಮಗ ಬೇಡಿಕೊಂಡರೂ ರಾಜ ಕೊಡಲಿಲ್ಲ. ಈ ಒಂದು ವಿಷಯಕ್ಕೆ ನನಗೆ ಚಾರ್ಲ್ಸ್ ಮೇಲೆ ಯಾವತ್ತೂ ಕನಿಕರ ಬಂದಿಲ್ಲ.

ತುಮಕೂರಿನ_ಹುಡುಗಿ

ಹನ್ನೊಂದು ವರ್ಷ ದುಡ್ಡಿಗೆ ಏನು ಮಾಡಿದ ಮತ್ತೆ?

ವಕೀಲ_ಧಾರವಾಡ

ಹೇಳ್ತೀನಿ ಕೇಳ್ರಿ, ಇದು ನನಗೆ ಭಾಳ ಇಷ್ಟದ ಭಾಗ. ಹಳೇ ಕಾನೂನಿನ ಪುಸ್ತಕಗಳನ್ನೆಲ್ಲ ತೆಗೆಸಿ ಧೂಳು ಕೊಡವಿಸಿದ.

ವರ್ಷಕ್ಕೆ 40 ಪೌಂಡ್ ಜಮೀನಿನ ಆದಾಯ ಇದ್ದವರು ಪಟ್ಟಾಭಿಷೇಕದ ಹೊತ್ತಿಗೆ ಬಂದು ನೈಟ್ ಪದವಿ ಪಡೆಯಬೇಕಿತ್ತು ಅನ್ನೋ ಮರೆತುಹೋದ ಪದ್ಧತಿ ಒಂದಿತ್ತು. ಬಂದಿರಲಿಲ್ಲ ಅಂತ ದಂಡ! ಅರಣ್ಯದ ಗಡಿಯನ್ನು ನೂರಾರು ವರ್ಷ ಹಿಂದಿನ ಗೆರೆಗೆ ಒಯ್ದು, ಒಳಗೆ ಬಂದ ಜಮೀನಿನವರಿಗೆಲ್ಲ ಒತ್ತುವರಿಯ ದಂಡ! ಸಾಬೂನು ಮಾಡೋ ಹಕ್ಕನ್ನು ಒಂದೇ ಕಂಪನಿಗೆ ಮಾರಿದ. ಅದರಲ್ಲಿ ಕ್ಯಾಥೊಲಿಕ್ ಪಾಲುದಾರರು ಇದ್ದರು ಅಂತ ಜನ ಅದನ್ನು "ಪೋಪನ ಸಾಬೂನು" ಅಂದರು. ಬಟ್ಟೆ ಒಗೆಯೋ ಹೆಂಗಸರಿಗೂ ರಾಜನ ಮೇಲೆ ಸಿಟ್ಟು ಬಂತು.

ಎಲ್ಲಕ್ಕಿಂತ ದೊಡ್ಡದು ಹಡಗಿನ ಕಂದಾಯ. ವೈರಿಗಳ ಭಯ ಇದ್ದಾಗ ಕಡಲ ದಂಡೆಯ ಊರುಗಳು ಹಡಗು ಕೊಡಬೇಕು, ಇಲ್ಲ ದುಡ್ಡು ಕೊಡಬೇಕು. ಇದು ಹಳೇ ಪದ್ಧತಿ, ಯಾರ ತಕರಾರೂ ಇರಲಿಲ್ಲ. 1634ರಲ್ಲಿ ಹಾಗೇ ಶುರು ಮಾಡಿದ. 1635ರಲ್ಲಿ ಸಮುದ್ರವನ್ನೇ ಕಾಣದ ಒಳನಾಡಿಗೂ ಹಾಕಿದ. ಆಮೇಲೆ ವರ್ಷವರ್ಷವೂ ಹಾಕಿದ. ಯುದ್ಧವೇ ಇಲ್ಲ, ತುರ್ತು ಎಲ್ಲಿಂದ ಬಂತು?

ಬಕಿಂಗ್‌ಹ್ಯಾಮ್‌ಶೈರ್‌ನ ಜಾನ್ ಹ್ಯಾಂಪ್ಡನ್ ಕಟ್ಟಲಿಲ್ಲ. ಕೋರ್ಟಿಗೆ ಬಂದದ್ದು ಅವನ ಒಂದು ಜಮೀನಿನ ಮೇಲಿನ 20 ಷಿಲಿಂಗ್, ಅಂದರೆ ಒಂದೇ ಪೌಂಡ್. ಅವನು ಬಡವ ಅಲ್ರಿ, ಬೇಕಾದಷ್ಟು ಇತ್ತು. 12 ನ್ಯಾಯಾಧೀಶರು ಕೂತರು. 1638ರಲ್ಲಿ 7 ಜನ ರಾಜನ ಪರ, 5 ಜನ ಹ್ಯಾಂಪ್ಡನ್ ಪರ.

ರಾಜ ಗೆದ್ದ. ಆದರೆ ರಾಜನೇ ನೇಮಿಸಿದ, ರಾಜನೇ ತೆಗೆದುಹಾಕಬಲ್ಲ ನ್ಯಾಯಾಧೀಶರಲ್ಲಿ ಐದು ಜನ ಇಲ್ಲ ಅಂದರಲ್ಲ! ಊರೂರಿಗೆ ಸುದ್ದಿ ಹೋಯಿತು. ಅಲ್ಲಿಯತನಕ ಹೆಚ್ಚುಕಡಿಮೆ ಪೂರ್ತಿ ಬರುತ್ತಿದ್ದ ಕಂದಾಯ ಮುಂದೆ ಎರಡು ವರ್ಷದಲ್ಲಿ ಕುಸಿದುಬಿತ್ತು.

ಹಳೇಮೇಷ್ಟ್ರು

ವಕೀಲರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಕಂದಾಯ ವಸೂಲು ಮಾಡುತ್ತಿದ್ದವರು ಯಾರು? ಸಂಬಳದ ಅಧಿಕಾರಿಗಳಲ್ಲ. ಆಯಾ ಜಿಲ್ಲೆಯ ಜಮೀನುದಾರರೇ ವರ್ಷಕ್ಕೊಬ್ಬರು ಷೆರಿಫ್ ಆಗುತ್ತಿದ್ದರು, ಸಂಬಳ ಇಲ್ಲದೆ. ನ್ಯಾಯ ಪಂಚಾಯಿತಿ ಮಾಡುತ್ತಿದ್ದವರೂ ಅವರೇ. ಪಾರ್ಲಿಮೆಂಟಿಗೆ ಆರಿಸಿ ಹೋಗುತ್ತಿದ್ದವರೂ ಅದೇ ಮನೆತನಗಳವರು. ರಾಜನಿಗೆ ದೊಡ್ಡ ಕಾಯಂ ಸೈನ್ಯವೂ ಇರಲಿಲ್ಲ. ಹಾಗಾಗಿ ಊರಿನ ದೊಡ್ಡ ಮನೆಯವರು ಕೈಕಟ್ಟಿ ಕೂತರೆ ರಾಜನ ಆಜ್ಞೆ ಲಂಡನ್ ದಾಟುತ್ತಿರಲಿಲ್ಲ. ಅದೇ ಕಾಲದ ಫ್ರಾನ್ಸಿನಲ್ಲಿ ರಾಜನಿಗೆ ಸೈನ್ಯವೂ ಇತ್ತು, ಸಂಬಳದ ಅಧಿಕಾರಿಗಳೂ ಇದ್ದರು. ಅಲ್ಲಿಯ ಮಹಾಸಭೆ 1614ರಲ್ಲಿ ಸೇರಿದ್ದು, ಮತ್ತೆ ಸೇರಿದ್ದು 1789ರಲ್ಲಿ!

ಕರಾವಳಿ_ಕಣ್ಣು

ಎಲ್ಲರೂ ದುಡ್ಡು ದುಡ್ಡು ಅಂತಿದ್ದೀರಿ. ನಾನು ಒಪ್ಪುವುದಿಲ್ಲ. ಜನ ತಲೆ ಕೊಟ್ಟದ್ದು ಒಂದು ಪೌಂಡ್ ಕಂದಾಯಕ್ಕಲ್ಲ, ದೇವರಿಗೆ.

ಚಾರ್ಲ್ಸ್‌ನ ಹೆಂಡತಿ ಹೆನ್ರಿಯೆಟಾ ಮರಿಯಾ ಫ್ರಾನ್ಸಿನವಳು, ಕ್ಯಾಥೊಲಿಕ್. ಅರಮನೆಯಲ್ಲೇ ಅವಳ ಪೂಜೆ ನಡೆಯುತ್ತಿತ್ತು. 1633ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ ವಿಲಿಯಂ ಲಾಡ್ ಚರ್ಚುಗಳಲ್ಲಿ ನಡುವೆ ಇದ್ದ ಮೇಜನ್ನು ಪೂರ್ವದ ಗೋಡೆಗೆ ಸರಿಸಿ, ಸುತ್ತ ಕಟಕಟೆ ಹಾಕಿಸಿದ. ನಮಗೆ ಇದು ಚಿಕ್ಕ ವಿಷಯ ಅನ್ನಿಸಬಹುದು. ಚರ್ಚಿನಲ್ಲಿ ಕ್ಯಾಥೊಲಿಕ್ ಆಚರಣೆಯ ನೆರಳೂ ಬೇಡ ಅನ್ನುತ್ತಿದ್ದ ಪ್ಯೂರಿಟನ್ ಜನಕ್ಕೆ ಇದು ಪೋಪ್ ಹಿತ್ತಲ ಬಾಗಿಲಿನಿಂದ ಒಳಗೆ ಬಂದ ಹಾಗೆ. ಬಿಷಪ್ಪರ ವಿರುದ್ಧ ಬರೆದರು ಅಂತ 1637ರಲ್ಲಿ ಪ್ರಿನ್, ಬರ್ಟನ್, ಬಾಸ್ಟ್‌ವಿಕ್ ಎಂಬ ಮೂವರ ಕಿವಿ ಕತ್ತರಿಸಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ವೈದ್ಯ! ಜನ ಅವರ ದಾರಿಗೆ ಹೂ ಹಾಸಿದರು.

ಚಾರ್ಲ್ಸ್ ಸ್ಕಾಟ್ಲೆಂಡಿಗೂ ರಾಜ. ಅದೇ ವರ್ಷ ಜುಲೈ 23ರಂದು ಅಲ್ಲಿಯ ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ರಾಜ ಹೇರಿದ ಹೊಸ ಪ್ರಾರ್ಥನಾ ಪುಸ್ತಕ ಓದಲು ಶುರು ಮಾಡಿದ ಕೂಡಲೇ ಗಲಾಟೆ. ಹೆಂಗಸರು ಕೂತಿದ್ದ ಮಣೆಗಳನ್ನೇ ಎತ್ತಿ ಎಸೆದರು. ಸ್ಕಾಟ್ಲೆಂಡ್ ಪೂರ್ತಿ ಎದ್ದು ನಿಂತಿತು. ಧರ್ಮದ ಈ ಬೆಂಕಿ ಇಲ್ಲದಿದ್ದರೆ ಚಾರ್ಲ್ಸ್ ಇನ್ನೂ ಹತ್ತು ವರ್ಷ ಪಾರ್ಲಿಮೆಂಟ್ ಇಲ್ಲದೆ ಹಾಯಾಗಿ ಇರುತ್ತಿದ್ದ.

ನೀಲಿಶಾಯಿ

ಕರಾವಳಿ ಅವರ ಮಾತೇ ನನಗೆ ಸರಿ ಕಾಣ್ತದೆ.

ವಕೀಲ_ಧಾರವಾಡ

ಎರಡೂ ಒಂದೇ ಹಗ್ಗದ ಎರಡು ಎಳೆ ಆಗ್ಯಾವ್ರಿ. ಸ್ಕಾಟ್ ಜನ ಎದ್ದರು, ಸರಿ. ಅವರನ್ನು ಹತ್ತಿಕ್ಕಲು ಸೈನ್ಯ ಬೇಕು. ಸೈನ್ಯಕ್ಕೆ ದುಡ್ಡು. ದುಡ್ಡಿಗೆ ಪಾರ್ಲಿಮೆಂಟ್. 1640ರ ಏಪ್ರಿಲ್ 13ಕ್ಕೆ ಕರೆದ, ಅವರು ಮೊದಲು ನಮ್ಮ ದೂರು ಕೇಳು ಅಂದರು, ಮೇ 5ಕ್ಕೆ ಮುಚ್ಚಿದ. ಮೂರೇ ವಾರ. ಅಷ್ಟರಲ್ಲಿ ಸ್ಕಾಟ್ ಸೈನ್ಯ ಗಡಿ ದಾಟಿ ನ್ಯೂಕಾಸಲ್ ಹಿಡಿಯಿತು. ಒಪ್ಪಂದ ಆಗೋತನಕ ನಮ್ಮ ಖರ್ಚಿಗೆ ದಿನಕ್ಕೆ 850 ಪೌಂಡ್ ಕೊಡು ಅಂದರು. ನವೆಂಬರ್ 3ಕ್ಕೆ ಮತ್ತೆ ಪಾರ್ಲಿಮೆಂಟ್ ಕರೆಯದೆ ಬೇರೆ ದಾರಿ ಇರಲಿಲ್ಲ.

ಹೊಳೆದಂಡೆ ಅವರೇ, ಮಗಳಿಗೆ ಈ 850 ಪೌಂಡಿನ ಲೆಕ್ಕ ಹೇಳ್ರಿ. ಅವಳ ಪ್ರಶ್ನೆಗೆ ಉತ್ತರ ಅಲ್ಲೇ ಅದ. ಕರೆಯದೇ ಇರೋದು ಶಾಂತಿಯ ಕಾಲದಾಗ ಮಾತ್ರ ನಡೀತದ.

ಕರಾವಳಿ_ಕಣ್ಣು

ಹಗ್ಗಕ್ಕೆ ಎರಡು ಎಳೆ ಇರಬಹುದು. ಮೊದಲು ಹೊಸೆದದ್ದು ಯಾವುದು ಅಂತ ನನ್ನ ಮಾತು. ಅದನ್ನು ಬಿಡುವುದಿಲ್ಲ.

ಬೆಳ್ಳಿಚುಕ್ಕಿ

ರಾಜ ಐದು ಜನ ಸದಸ್ಯರನ್ನು ಹಿಡಿಯಲು ಬಂದಾಗ ಅವನ ಮುಖದ ಮೇಲೆ ಬಾಗಿಲು ಹಾಕಿದರಂತೆ, ಸ್ಪೀಕರ್ ಒಳಗೇ ಬಿಡಲಿಲ್ಲವಂತೆ. ಅದಕ್ಕೇ ಈಗಲೂ ಅಲ್ಲಿ ಬಾಗಿಲು ಹಾಕುವ ಶಾಸ್ತ್ರ ಇದೆ, ಅಲ್ವಾ?

ಥೇಮ್ಸ್_ತೀರದಿಂದ

ಅಲ್ಲ ಅಲ್ಲ, ಚುಕ್ಕಿ ಅವರೇ. ರಾಜನ ದೂತ ಬಂದಾಗ ಬಾಗಿಲು ಹಾಕುವುದು ನಂತರದ ಶಾಸ್ತ್ರ. ಅವತ್ತು ರಾಜ ಒಳಗೆ ಬಂದೇ ಬಂದ. ನಾನು ಲಂಡನ್ನಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಊರಿನಿಂದ ಯಾರೇ ಬಂದರೂ ವೆಸ್ಟ್‌ಮಿನ್‌ಸ್ಟರ್‌ಗೆ ಕರೆದುಕೊಂಡು ಹೋಗಿ ಈ ಕಥೆ ಹೇಳುತ್ತೇನೆ.

1642ರ ಜನವರಿ 4. ಕೆಳಮನೆಯ ಮುಂದಾಳು ಪಿಮ್, ಹ್ಯಾಂಪ್ಡನ್, ಹೋಲ್ಸ್, ಹೇಸಲ್‌ರಿಗ್, ಸ್ಟ್ರೋಡ್, ಈ ಐದು ಜನ ರಾಜದ್ರೋಹಿಗಳು ಅಂತ ಹಿಡಿಯಲು ಚಾರ್ಲ್ಸ್ ತಾನೇ ಹೊರಟ. ಹಿಂದೆ ಕತ್ತಿ, ಪಿಸ್ತೂಲು ಹಿಡಿದ ನೂರಾರು ಜನ. ಅವರನ್ನು ಹೊರಗೆ ನಿಲ್ಲಿಸಿ, ಬಾಗಿಲು ತೆರೆದೇ ಇಟ್ಟು ಒಳಗೆ ಬಂದ. ಸದಸ್ಯರೆಲ್ಲ ಟೋಪಿ ತೆಗೆದು ಎದ್ದು ನಿಂತರು. ಸ್ಪೀಕರ್ ಹತ್ತಿರ ಹೋಗಿ "ನಿಮ್ಮ ಕುರ್ಚಿಯನ್ನು ಸ್ವಲ್ಪ ಹೊತ್ತು ಎರವಲು ಕೊಡಿ" ಅಂದ. ಸುತ್ತ ನೋಡಿದ. ಪಿಮ್ ಕಾಣಲಿಲ್ಲ. ಅವರೆಲ್ಲಿ ಅಂತ ಸ್ಪೀಕರ್ ವಿಲಿಯಂ ಲೆಂಥಾಲ್‌ನನ್ನು ಕೇಳಿದ.

ಲೆಂಥಾಲ್ ಮೊಣಕಾಲೂರಿ ಕೂತ. ಈ ಜಾಗದಲ್ಲಿ ನನಗೆ ನೋಡಲು ಕಣ್ಣಿಲ್ಲ, ಆಡಲು ನಾಲಿಗೆ ಇಲ್ಲ, ಈ ಸಭೆ ಏನು ಹೇಳಿದರೆ ಅಷ್ಟೇ, ನಾನು ಇದರ ಸೇವಕ ಅಂದ. ರಾಜ "ಹಕ್ಕಿಗಳೆಲ್ಲ ಹಾರಿಹೋಗಿವೆ" ಅಂತ ಹೇಳಿ ಹೊರಟ. ಆ ಐವರಿಗೆ ಮೊದಲೇ ಸುದ್ದಿ ಸಿಕ್ಕಿತ್ತು. ದೋಣಿ ಹತ್ತಿ ಥೇಮ್ಸ್ ನದಿಯಲ್ಲಿ ಲಂಡನ್ ನಗರದ ಕಡೆ ಹೋಗಿದ್ದರು.

1629ರಲ್ಲಿ ಫಿಂಚ್ ಅಳುತ್ತಾ "ನಾನು ರಾಜರ ಅಪ್ಪಣೆ ಮೀರಲಾರೆ" ಅಂದಿದ್ದ. ಹದಿಮೂರು ವರ್ಷದ ನಂತರ ಅದೇ ಕುರ್ಚಿಯವನು ರಾಜನ ಎದುರೇ "ನಾನು ಸಭೆಯ ಸೇವಕ" ಅಂದ. ನನಗೆ ಮೈ ಜುಂ ಅನ್ನುವುದು ಇಲ್ಲಿ. ಅಂದಿನಿಂದ ಯಾವ ರಾಜನೂ ರಾಣಿಯೂ ಕೆಳಮನೆಯ ಸಭೆಯೊಳಗೆ ಕಾಲಿಟ್ಟಿಲ್ಲ.

ಬೆಳ್ಳಿಚುಕ್ಕಿ

ತಿದ್ದಿದ್ದಕ್ಕೆ ಧನ್ಯವಾದ. ಇಷ್ಟು ವರ್ಷ ತಪ್ಪು ಕಥೆ ಹೇಳಿಕೊಂಡು ಬಂದಿದ್ದೆ.

ತುಮಕೂರಿನ_ಹುಡುಗಿ

ಹೋಲ್ಸ್ ಅಂದರೆ 1629ರಲ್ಲಿ ಸ್ಪೀಕರ್‌ನನ್ನು ಅದುಮಿ ಹಿಡಿದವನೇ?

ಥೇಮ್ಸ್_ತೀರದಿಂದ

ಹೌದು, ಡೆನ್ಸಿಲ್ ಹೋಲ್ಸ್. ಅವನೇ.

ಕಾವೇರಿ_ಮಣ್ಣು

ಪಾರ್ಲಿಮೆಂಟಿನವರನ್ನು ದೇವರ ಹಾಗೆ ಹೊಗಳುತ್ತಿದ್ದೀರಿ. ರಾಜನ ಕಡೆಯನ್ನೂ ಒಮ್ಮೆ ನೋಡಿ.

1641ರಲ್ಲಿ ಚಾರ್ಲ್ಸ್ ಎಷ್ಟು ಬಿಟ್ಟುಕೊಟ್ಟ! ಮೂರು ವರ್ಷಕ್ಕೊಮ್ಮೆ ಪಾರ್ಲಿಮೆಂಟ್ ಕರೆಯಲೇಬೇಕು ಅನ್ನುವ ಕಾಯ್ದೆಗೆ ಒಪ್ಪಿದ. ಹಡಗಿನ ಕಂದಾಯ ಹೋಯಿತು. ಕಿವಿ ಕತ್ತರಿಸಿದ ಸ್ಟಾರ್ ಚೇಂಬರ್ ಕೋರ್ಟ್ ಹೋಯಿತು. ಇರುವ ಪಾರ್ಲಿಮೆಂಟನ್ನು ಅದರ ಒಪ್ಪಿಗೆ ಇಲ್ಲದೆ ಮುಚ್ಚುವುದಿಲ್ಲ ಅಂತ ಕೂಡ ಒಪ್ಪಿದ. ತನ್ನ ನಂಬಿಕಸ್ಥ ಮಂತ್ರಿ ಸ್ಟ್ರಾಫರ್ಡ್‌ನ ಮರಣದಂಡನೆಗೆ ಸಹಿ ಹಾಕಿದ. ಆ ಮನುಷ್ಯನ ಮೇಲೆ ವಿಚಾರಣೆಯಲ್ಲಿ ರಾಜದ್ರೋಹ ಸಾಬೀತು ಮಾಡಲು ಆಗದೆ, ಸುಮ್ನೆ ಒಂದು ಕಾಯ್ದೆ ಮಾಡಿ ಮೇ 12ರಂದು ಕೊಂದರು. ಅದು ನ್ಯಾಯವೇ?

ಅಷ್ಟೆಲ್ಲ ಪಡೆದ ಮೇಲೂ ನವೆಂಬರಿನಲ್ಲಿ ದೂರುಗಳ ಉದ್ದದ ಪಟ್ಟಿ ತಂದರು. ಅದಕ್ಕೆ 159 ಮತ, ವಿರುದ್ಧ 148. ಅಂದರೆ ಸಭೆಯ ಹತ್ತಿರ ಹತ್ತಿರ ಅರ್ಧ ಜನಕ್ಕೆ "ಸಾಕು, ಇನ್ನು ಜಾಸ್ತಿ ಆಯಿತು" ಅನ್ನಿಸಿತ್ತು. ಆ 148 ಜನ ಹೇಡಿಗಳಲ್ಲ. ರಾಜ ಇಲ್ಲದಿದ್ದರೆ ದೇಶ ಒಡೆದುಹೋಗುತ್ತದೆ ಅಂತ ನಿಜವಾಗಿ ಹೆದರಿದವರು.

ಹಳೇಮೇಷ್ಟ್ರು

ಸ್ಟ್ರಾಫರ್ಡ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಒಂದು ಕೇಳುತ್ತೇನೆ. ಅಕ್ಟೋಬರಿನಲ್ಲಿ ಐರ್ಲೆಂಡಿನಲ್ಲಿ ದಂಗೆ ಎದ್ದಿತು. ಅದನ್ನು ಅಡಗಿಸಲು ಸೈನ್ಯ ಬೇಕೇ ಬೇಕು. ಆ ಸೈನ್ಯದ ಲಗಾಮು ಯಾರ ಕೈಗೆ? ರಾಜನ ಕೈಗೆ ಕೊಟ್ಟರೆ ಐರ್ಲೆಂಡ್ ಮುಗಿಸಿ ನಮ್ಮ ಮೇಲೆ ತಿರುಗಿಸುತ್ತಾನೆ ಅಂತ ಪಿಮ್‌ಗೆ ಭಯ. ಜನವರಿ 4ರಂದು ಆಯುಧ ಹಿಡಿದು ಬಂದು ಆ ಭಯವನ್ನು ಚಾರ್ಲ್ಸ್ ತಾನೇ ನಿಜ ಮಾಡಿ ತೋರಿಸಿದ. ಒಂದು ವಾರದೊಳಗೆ ಲಂಡನ್ ಬಿಟ್ಟು ಹೋದ. ಆಗಸ್ಟ್ 22ಕ್ಕೆ ನಾಟಿಂಗ್‌ಹ್ಯಾಮ್‌ನಲ್ಲಿ ಯುದ್ಧದ ಬಾವುಟ ನೆಟ್ಟ. ಕಂದಾಯದಿಂದ ಶುರುವಾದ ಜಗಳ ಕೊನೆಗೆ ಕತ್ತಿ ಯಾರ ಕೈಯಲ್ಲಿರಬೇಕು ಅನ್ನುವುದಕ್ಕೆ ಬಂದು ನಿಂತಿತು.

ನೀಲಿಶಾಯಿ

ಯುದ್ಧದ ವಿವರ ಯಾರಾದರೂ ಬರೆಯಿರಿ.

ಥೇಮ್ಸ್_ತೀರದಿಂದ

ಚುಟುಕಾಗಿ ಹೇಳುತ್ತೇನೆ. 1642ರ ಅಕ್ಟೋಬರಿನಲ್ಲಿ ಎಡ್ಜ್‌ಹಿಲ್, ಯಾರೂ ಗೆಲ್ಲಲಿಲ್ಲ. 1644ರ ಜುಲೈ 2ಕ್ಕೆ ಮಾರ್ಸ್ಟನ್ ಮೂರ್, ರಾಜನಿಗೆ ಉತ್ತರ ಭಾಗ ಕೈತಪ್ಪಿತು. 1645ರಲ್ಲಿ ಪಾರ್ಲಿಮೆಂಟ್ ಹೊಸ ಮಾದರಿ ಸೈನ್ಯ ಕಟ್ಟಿತು. ಫೇರ್‌ಫ್ಯಾಕ್ಸ್ ದಂಡನಾಯಕ, ಕುದುರೆ ಪಡೆಗೆ ಕ್ರಾಮ್‌ವೆಲ್. ಜೂನ್ 14ಕ್ಕೆ ನೇಸ್ಬಿಯಲ್ಲಿ ರಾಜನ ಮುಖ್ಯ ಸೈನ್ಯ ಮುಗಿಯಿತು. ಅಲ್ಲಿ ರಾಜನ ಸ್ವಂತ ಪತ್ರಗಳ ಪೆಟ್ಟಿಗೆ ಸಿಕ್ಕಿತು. ಐರಿಷ್ ಕ್ಯಾಥೊಲಿಕ್ ಸೈನ್ಯ ತರಿಸುವ ಮಾತೆಲ್ಲ ಅದರಲ್ಲಿತ್ತು. ಪಾರ್ಲಿಮೆಂಟ್ ಅದನ್ನು ಅಚ್ಚು ಹಾಕಿಸಿ ಹಂಚಿತು. ಯುದ್ಧದಲ್ಲಿ ಸೋತದ್ದಕ್ಕಿಂತ ಇದು ದೊಡ್ಡ ಪೆಟ್ಟು.

ಕೆಂಪುಮಣ್ಣಿನ_ಹಾಡು

ರಾಜ ಒಂದು ಕಡೆ, ಜಮೀನುದಾರರ ಪಾರ್ಲಿಮೆಂಟ್ ಇನ್ನೊಂದು ಕಡೆ. ಈ ಚರ್ಚೆಯಲ್ಲಿ ಸಾಮಾನ್ಯ ಜನ ಎಲ್ಲಿ? ಹಳ್ಳಿಗಾಡಿನಲ್ಲಿ ವರ್ಷಕ್ಕೆ 40 ಷಿಲಿಂಗ್ ಆದಾಯದ ಸ್ವಂತ ಜಮೀನು ಇದ್ದವನಿಗೆ ಮಾತ್ರ ಮತ. ಯುದ್ಧದಲ್ಲಿ ಸತ್ತವರು ಯಾರು? ಕಮ್ಮಾರ, ನೇಕಾರ, ಚಮ್ಮಾರ.

1647ರ ಅಕ್ಟೋಬರ್ ಕೊನೆಯಲ್ಲಿ ಪಟ್ನಿಯ ಸೇಂಟ್ ಮೇರಿ ಚರ್ಚಿನಲ್ಲಿ ಸೈನಿಕರ ಪ್ರತಿನಿಧಿಗಳು ದಂಡನಾಯಕರ ಎದುರಿಗೆ ಕೂತು ವಾದ ಮಾಡಿದರು. ಇಂಗ್ಲೆಂಡಿನ ಅತಿ ಬಡವನಿಗೂ ಅತಿ ದೊಡ್ಡವನ ಹಾಗೇ ಬದುಕು ಇದೆ, ಹಾಗಾಗಿ ತಾನು ಒಪ್ಪದ ಸರ್ಕಾರಕ್ಕೆ ಅವನು ತಲೆಬಾಗಬೇಕಿಲ್ಲ ಅಂದ ಕರ್ನಲ್ ರೇನ್ಸ್‌ಬರೋ. ಕ್ರಾಮ್‌ವೆಲ್‌ನ ಅಳಿಯ ಐರ್‌ಟನ್ ಉತ್ತರ ಕೊಟ್ಟ: ನೆಲದಲ್ಲಿ ಪಾಲಿಲ್ಲದವನಿಗೆ ಮತ ಕೊಟ್ಟರೆ ನಾಳೆ ಅವನು ಆಸ್ತಿಯನ್ನೇ ಕಿತ್ತುಕೊಳ್ಳುತ್ತಾನೆ. ಮಾತು ಮಾತು ಬರೆದಿಟ್ಟದ್ದು ಇವತ್ತಿಗೂ ಉಳಿದಿದೆ. ಓದಿದಾಗ ನನಗೆ ಕಣ್ಣು ತುಂಬಿ ಬಂತು.

1649ರಲ್ಲಿ, ಎಲ್ಲರಿಗೂ ಸಮಾನ ಹಕ್ಕು ಕೇಳುತ್ತಿದ್ದ ಲೆವೆಲರ್ ಗುಂಪಿನ ನಾಯಕ ಲಿಲ್‌ಬರ್ನ್‌ನನ್ನು ಬಿಡಿ ಅಂತ ಸಾವಿರಾರು ಹೆಂಗಸರು ಸಹಿ ಹಾಕಿ ಪಾರ್ಲಿಮೆಂಟಿನ ಬಾಗಿಲಿಗೆ ಬಂದರು. ಮನೆಗೆ ಹೋಗಿ ಪಾತ್ರೆ ತೊಳೆಯಿರಿ ಅಂತ ಅಟ್ಟಿದರು. ರಾಜನ ತಲೆ ತೆಗೆದ ಪಾರ್ಲಿಮೆಂಟೇ ಇದು!

ಬೆಳ್ಳಿಚುಕ್ಕಿ

ಆ ಹೆಂಗಸರ ವಿಷಯ ಗೊತ್ತೇ ಇರಲಿಲ್ಲ. ಹೊಳೆದಂಡೆ ಅವರೇ, ಇದನ್ನು ಮಗಳಿಗೆ ತಪ್ಪದೆ ಹೇಳಿ.

ತುಮಕೂರಿನ_ಹುಡುಗಿ

ಹೆಂಗಸರ ಮಾತು ಬಂದದ್ದಕ್ಕೆ ನನ್ನದೊಂದು. 1649ರ ಜನವರಿ 20ರಂದು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ರಾಜನ ವಿಚಾರಣೆ. ನ್ಯಾಯಾಧೀಶರು ಅಂತ 135 ಜನರನ್ನು ಹೆಸರಿಸಿದ್ದರು, ತುಂಬಾ ಜನ ಬರಲೇ ಇಲ್ಲ. ಫೇರ್‌ಫ್ಯಾಕ್ಸ್ ಹೆಸರು ಕೂಗಿದಾಗ ಮೇಲಿನ ಗ್ಯಾಲರಿಯಿಂದ ಮುಖ ಮುಚ್ಚಿಕೊಂಡ ಒಬ್ಬ ಹೆಂಗಸು, ಅವನಿಗೆ ಬುದ್ಧಿ ಇದೆ, ಅದಕ್ಕೇ ಬಂದಿಲ್ಲ ಅಂತ ಕೂಗಿದಳು. ಅವಳು ಫೇರ್‌ಫ್ಯಾಕ್ಸ್‌ನ ಹೆಂಡತಿಯೇ! ಬಂದೂಕು ಹಿಡಿದವರ ನಡುವೆ ಕೂಗುವುದಕ್ಕೆ ಎಷ್ಟು ಧೈರ್ಯ ಬೇಕು.

ಅದೇ ವಿಚಾರಣೆಯಲ್ಲಿ ರಾಜನ ಕೋಲಿನ ಬೆಳ್ಳಿ ಹಿಡಿ ಕಳಚಿ ನೆಲಕ್ಕೆ ಬಿತ್ತು. ಯಾರಾದರೂ ಎತ್ತಿಕೊಡುತ್ತಾರೆ ಅಂತ ಕಾದ. ಯಾರೂ ಬಗ್ಗಲಿಲ್ಲ. ತಾನೇ ಬಗ್ಗಿ ಎತ್ತಿಕೊಂಡ. ಹುಟ್ಟಿದಾಗಿನಿಂದ ಬಗ್ಗಿರದ ಮನುಷ್ಯ. ಇಲ್ಲಿ ಮಾತ್ರ ನನಗೆ ಅವನ ಮೇಲೆ ಪಾಪ ಅನ್ನಿಸುತ್ತದೆ.

ಕಾವೇರಿ_ಮಣ್ಣು

ಮತ್ತೆ ಆ ಕೋರ್ಟು ಎಂಥದ್ದು ಅಂತಲೂ ಹೇಳಿ. 1648ರ ಡಿಸೆಂಬರ್ 6ರಂದು ಕರ್ನಲ್ ಪ್ರೈಡ್ ಸೈನಿಕರೊಂದಿಗೆ ಬಾಗಿಲಲ್ಲಿ ನಿಂತು, ಬೇಡವಾದ ಸದಸ್ಯರನ್ನು ಒಳಗೇ ಬಿಡಲಿಲ್ಲ. ಉಳಿದ ತುಂಡು ಪಾರ್ಲಿಮೆಂಟ್ ಮಾಡಿದ ಕೋರ್ಟು ಅದು. ಮೇಲ್ಮನೆಯ ಒಪ್ಪಿಗೆಯೂ ಇರಲಿಲ್ಲ. "ಯಾವ ಅಧಿಕಾರದಿಂದ ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ?" ಅಂತ ಚಾರ್ಲ್ಸ್ ಕೇಳಿದ್ದಕ್ಕೆ ಕೋರ್ಟಿನ ಅಧ್ಯಕ್ಷ ಬ್ರಾಡ್‌ಷಾ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಮರಣದಂಡನೆಗೆ 59 ಸಹಿ.

ನೀಲಿಶಾಯಿ

ಜನವರಿ 30ಕ್ಕೆ ಅಲ್ವಾ ಕೊಂದದ್ದು? ನಮಗೆ ಅದು ಹುತಾತ್ಮರ ದಿನ. ದಿನಾಂಕ ನೋಡಿ ಒಂದು ಕ್ಷಣ ಸುಮ್ಮನಾದೆ.

ಥೇಮ್ಸ್_ತೀರದಿಂದ

ಅಲ್ಲೂ ಅದು ಬಹಳ ಕಾಲ ಹುತಾತ್ಮ ರಾಜನ ದಿನವೇ ಆಗಿತ್ತು. ಆ ದಿನದ ವಿಶೇಷ ಪ್ರಾರ್ಥನೆಯನ್ನು ಪುಸ್ತಕದಿಂದ ತೆಗೆದದ್ದು 1859ರಲ್ಲಿ. ಅವನನ್ನು ಕೊಂದದ್ದು ವೈಟ್‌ಹಾಲ್ ಅರಮನೆಯ ಔತಣಶಾಲೆ ಬ್ಯಾಂಕ್ವೆಟಿಂಗ್ ಹೌಸ್ ಮುಂದೆ. ಆ ಕಟ್ಟಡ ಈಗಲೂ ಇದೆ. ಅದರ ಒಳಗೆ ಚಾವಣಿಗೆ ರೂಬೆನ್ಸ್ ಬರೆದ ಚಿತ್ರಗಳು, ಚಾರ್ಲ್ಸ್‌ನ ಅಪ್ಪ ಜೇಮ್ಸ್ ದೇವಲೋಕಕ್ಕೆ ಏರುವ ಹಾಗೆ. ಚಾರ್ಲ್ಸ್‌ನೇ ಬರೆಸಿದ್ದು. ಅದೇ ಚಿತ್ರದ ಕೆಳಗೆ ನಡೆದು ಹೊರಗಿನ ವಧಾಸ್ಥಾನಕ್ಕೆ ಹೋದ. ಚಳಿಗೆ ನಡುಗಿದರೆ ಹೆದರಿದ ಅಂದುಕೊಳ್ಳುತ್ತಾರೆ ಅಂತ ಎರಡು ಅಂಗಿ ತೊಟ್ಟಿದ್ದ. ಕೊಡಲಿ ಬಿದ್ದಾಗ ಜನರ ಬಾಯಿಂದ ಎದ್ದ ನರಳಿಕೆಯಂಥದ್ದನ್ನು ಮುಂದೆ ಯಾವತ್ತೂ ಕೇಳಬಾರದು ಅಂತ ಅಲ್ಲಿದ್ದ ಒಬ್ಬ ಹುಡುಗ ಬರೆದಿಟ್ಟಿದ್ದಾನೆ.

ಲೆಕ್ಕದ_ಮನುಷ್ಯ

ದಿನಾಂಕದ ಬಗ್ಗೆ ಒಂದು ತಿದ್ದುಪಡಿ. ಆಗ ಇಂಗ್ಲೆಂಡ್ ಹಳೇ ಕ್ಯಾಲೆಂಡರ್ ಬಳಸುತ್ತಿತ್ತು, ಯುರೋಪಿನ ಹೊಸ ಕ್ಯಾಲೆಂಡರಿಗಿಂತ ಹತ್ತು ದಿನ ಹಿಂದೆ. ಈಗಿನ ಲೆಕ್ಕದಲ್ಲಿ ಅದು ಫೆಬ್ರವರಿ 9. ವರ್ಷ ಶುರುವಾಗುತ್ತಿದ್ದದ್ದೂ ಮಾರ್ಚ್ 25ಕ್ಕೆ. ಹಾಗಾಗಿ ಮರಣದಂಡನೆಯ ಮೂಲ ಕಾಗದದಲ್ಲಿ ವರ್ಷ 1648 ಅಂತಲೇ ಇದೆ.

ನೀಲಿಶಾಯಿ

ಓಹ್, ಯುಗಾದಿ ಹೊತ್ತಿಗೆ ಹೊಸ ವರ್ಷ. ನಮ್ಮ ಹಾಗೇ!

ಕರಾವಳಿ_ಕಣ್ಣು

ಸರಿ, ರಾಜ ಹೋದ. ಆಮೇಲೆ ಬಂದ ಕ್ರಾಮ್‌ವೆಲ್ ಏನು ಮಾಡಿದ? 1653ರ ಏಪ್ರಿಲ್ 20ರಂದು ಬಂದೂಕಿನವರನ್ನು ಒಳಗೆ ಕರೆಸಿ ಪಾರ್ಲಿಮೆಂಟನ್ನೇ ಓಡಿಸಿದ. ಸಭೆಯ ಅಧಿಕಾರದ ಗದೆಯನ್ನು "ಈ ಆಟಿಕೆ ತೆಗೆಯಿರಿ" ಅಂದ. ಚಾರ್ಲ್ಸ್ ಕೂಡ ಸೈನಿಕರನ್ನು ಬಾಗಿಲಾಚೆ ನಿಲ್ಲಿಸಿದ್ದ!

ಐರ್ಲೆಂಡಿನಲ್ಲಿ 1649ರ ಸೆಪ್ಟೆಂಬರಿನಲ್ಲಿ ದ್ರಾಹೆಡಾ, ಅಕ್ಟೋಬರಿನಲ್ಲಿ ವೆಕ್ಸ್‌ಫರ್ಡ್. ಶರಣಾದವರನ್ನೂ ಪಾದ್ರಿಗಳನ್ನೂ ಕಡಿದರು. ಆಮೇಲೆ ಕ್ಯಾಥೊಲಿಕ್‌ರ ಜಮೀನು ಕಿತ್ತು ಹಂಚಿದರು. ಐರ್ಲೆಂಡಿನ ಜನಕ್ಕೆ ಆ ಹೆಸರು ಇವತ್ತಿಗೂ ಶಾಪ.

ಕೆಂಪುಮಣ್ಣಿನ_ಹಾಡು

ಐರ್ಲೆಂಡ್ ವಿಷಯದಲ್ಲಿ ಸಮರ್ಥನೆ ಇಲ್ಲ. ಆದರೆ 1657ರಲ್ಲಿ ಕಿರೀಟ ಕೊಡುತ್ತೇವೆ ಅಂದಾಗ ಕ್ರಾಮ್‌ವೆಲ್ ಬೇಡ ಅಂದ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾವೇರಿ_ಮಣ್ಣು

ಕಿರೀಟ ಬೇಡ ಅಂದ, ಅರಮನೆಯಲ್ಲಿ ವಾಸ ಮಾಡಿದ. ಸತ್ತ ಮೇಲೆ ಅಧಿಕಾರ ಮಗ ರಿಚರ್ಡ್‌ಗೆ ಹೋಯಿತು. ರಾಜತನಕ್ಕೆ ಇನ್ನೇನು ಬೇಕು?

ಹಳೇಮೇಷ್ಟ್ರು

ಇಬ್ಬರೂ ಸ್ವಲ್ಪ ತಡೆಯಿರಿ, ಮಗುವಿನ ಪ್ರಶ್ನೆ ಮರೆಯುವುದು ಬೇಡ. 1660ರಲ್ಲಿ ಸತ್ತ ರಾಜನ ಮಗ 2ನೇ ಚಾರ್ಲ್ಸ್ ಬಂದ. ರಾಜತನ ಮರಳಿತು. ಅವನೂ ಕೊನೆಯ ನಾಲ್ಕು ವರ್ಷ ಪಾರ್ಲಿಮೆಂಟ್ ಕರೆಯಲಿಲ್ಲ, ಮೂರು ವರ್ಷಕ್ಕೊಮ್ಮೆ ಕರೆಯಬೇಕು ಅಂತ ಕಾಯ್ದೆ ಇದ್ದರೂ! ಫ್ರಾನ್ಸಿನ 14ನೇ ಲೂಯಿ ಒಳಗೊಳಗೇ ದುಡ್ಡು ಕೊಡುತ್ತಿದ್ದ, ವ್ಯಾಪಾರ ಬೆಳೆದು ಬಂದರು ಸುಂಕವೂ ಚೆನ್ನಾಗಿ ಬರುತ್ತಿತ್ತು. ಅಂದರೆ ಅವಳ ಪ್ರಶ್ನೆ ಆಗಲೂ ಹಾಗೇ ಉಳಿದಿತ್ತು.

ಉತ್ತರ ಸಿಕ್ಕಿದ್ದು ಅವನ ನಂತರ ರಾಜನಾದ ತಮ್ಮ 2ನೇ ಜೇಮ್ಸ್ ಓಡಿಹೋದ ಮೇಲೆ. 1688ರ ನವೆಂಬರ್ 5ರಂದು ಅಳಿಯ ವಿಲಿಯಂ ಹಾಲೆಂಡಿನ ಸೈನ್ಯದೊಂದಿಗೆ ಟಾರ್ಬೇಯಲ್ಲಿ ಇಳಿದ. ಜೇಮ್ಸ್ ಹೋಗುವಾಗ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದುಹೋದ. ಮುದ್ರೆ ಇಲ್ಲದಿದ್ದರೆ ಪಾರ್ಲಿಮೆಂಟ್ ಕರೆಯಲು ಆಗುವುದಿಲ್ಲ ಅಂತ!

ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ತೆರಿಗೆ ಬೇಡ, ಶಾಂತಿಯ ಕಾಲದಲ್ಲಿ ಸೈನ್ಯ ಬೇಡ ಅನ್ನುವ 1689ರ ಹಕ್ಕುಗಳ ಕಾಯ್ದೆ ಎಲ್ಲರಿಗೂ ಗೊತ್ತು. ನಾನು ಅದಕ್ಕಿಂತ ಎರಡು ಸಣ್ಣ ವಿಷಯ ಹೇಳುತ್ತೇನೆ. ಒಂದು, ಸೈನ್ಯದ ಶಿಸ್ತಿನ ಕಾಯ್ದೆ. ಅದನ್ನು ಮೊದಲು ಕೆಲವೇ ತಿಂಗಳಿಗೆ, ಆಮೇಲೆ ವರ್ಷವರ್ಷಕ್ಕೆ ಕೊಟ್ಟರು. ಪಾರ್ಲಿಮೆಂಟ್ ಸೇರಿ ಮತ್ತೆ ಒಪ್ಪದಿದ್ದರೆ ಸೈನಿಕರನ್ನು ಶಿಸ್ತಿನಲ್ಲಿ ಇಡುವ ಕಾನೂನೇ ಇಲ್ಲ. ಇನ್ನೊಂದು, 1690ರಲ್ಲಿ ಪಟ್ಟಕ್ಕೆ ಬಂದಿದ್ದ ವಿಲಿಯಂ ಮತ್ತು ಅವನ ಹೆಂಡತಿ ಮೇರಿಗೆ ಬಂದರು ಸುಂಕವನ್ನು ನಾಲ್ಕು ವರ್ಷಕ್ಕೆ ಮಾತ್ರ ಕೊಟ್ಟರು. 1625ರ ಆ ಒಂದು ವರ್ಷದ ಹಟ ನೆನಪಿದೆಯಲ್ಲ? ಮೇಲಿಂದ ಫ್ರಾನ್ಸಿನ ಜೊತೆ ದೊಡ್ಡ ಯುದ್ಧ, ನಿಲ್ಲದ ಖರ್ಚು. 1689ರಿಂದ ಇವತ್ತಿನವರೆಗೆ ಪಾರ್ಲಿಮೆಂಟ್ ಸೇರದ ವರ್ಷವೇ ಇಲ್ಲ.

ವಕೀಲ_ಧಾರವಾಡ

ಮೇಷ್ಟ್ರೇ, ನಮ್ಮ ಸಂವಿಧಾನದ 85ನೇ ವಿಧಿ ತೆಗೆದು ನೋಡ್ರಿ. ಎರಡು ಅಧಿವೇಶನದ ನಡುವೆ ಆರು ತಿಂಗಳು ದಾಟುವಂತಿಲ್ಲ. ರಾಜ್ಯಗಳ ಶಾಸನಸಭೆಗೆ 174ನೇ ವಿಧಿ, ಅದೇ ಮಾತು. 265ನೇ ವಿಧಿ, ಕಾನೂನಿನ ಅಧಿಕಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ. ಇನ್ನು 105ನೇ ವಿಧಿ, ಸದನದಲ್ಲಿ ಆಡಿದ ಮಾತಿಗೆ ಸದಸ್ಯನ ಮೇಲೆ ಕೋರ್ಟಿಗೆ ಹೋಗುವಂತಿಲ್ಲ. ಮೂಲ ಪಾಠದಲ್ಲಿ ಬ್ರಿಟನ್ನಿನ ಕೆಳಮನೆಯ ಹೆಸರನ್ನೇ ಬರೆದಿದ್ದರು, ಅವರ ವಿಶೇಷ ಹಕ್ಕುಗಳು ನಮಗೂ ಅಂತ. ಎಲಿಯಟ್ ಟವರಿನಲ್ಲಿ ಸತ್ತದ್ದು ಇದೇ ಮಾತಿಗೆ.

ತುಮಕೂರಿನ_ಹುಡುಗಿ

ಇದೇ ವೇಳೆಯಲ್ಲಿ ಮುಂಬಯಿ ಬ್ರಿಟಿಷರ ಕೈಗೆ ಬಂತಲ್ವಾ? 2ನೇ ಚಾರ್ಲ್ಸ್‌ಗೆ ವರದಕ್ಷಿಣೆಯಾಗಿ?

ವಕೀಲ_ಧಾರವಾಡ

ಹೌದು, ಪೋರ್ಚುಗಲ್ಲಿನ ಕ್ಯಾಥರೀನ್ ಜೊತೆ ಮದುವೆಗೆ. 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕೊಟ್ಟ. ಅದಕ್ಕೆ ಬೇರೆ ಚರ್ಚೆ ತೆಗೆಯೋಣ.

ಹೊಳೆದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಸಂಜೆ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿದೆ. ಬೀಗದ ಕೈ, ದುಡ್ಡಿನ ಗಂಟಿನ ಮಾತು ಅವಳಿಗೆ ಹಿಡಿಸಿತು. ದಿನಕ್ಕೆ 850 ಪೌಂಡ್ ಅಂದಾಗ "ಹಾಗಾದ್ರೆ ರಾಜನಿಗೆ ಕರೆಯದೆ ದಾರಿನೇ ಇರಲಿಲ್ಲ" ಅಂತ ತಾನೇ ಹೇಳಿದಳು. ಕೋಲಿನ ಹಿಡಿ ಬಿದ್ದದ್ದನ್ನು ಎರಡು ಸಲ ಓದಿಸಿದಳು.

ಈಗ ಇನ್ನೊಂದು ಪ್ರಶ್ನೆ ಹಾಕಿದ್ದಾಳೆ. ನಾಲಿಗೆ ಇಲ್ಲ ಅಂದ ಆ ಸ್ಪೀಕರ್‌ಗೆ ಆಮೇಲೆ ಏನಾಯಿತು?

ಥೇಮ್ಸ್_ತೀರದಿಂದ

ಅದು ಬೇಸರದ ಕಥೆ. ಆದರೂ ಹೇಳುತ್ತೇನೆ, ಅವಳಿಂದ ಮುಚ್ಚಿಡುವುದು ಸರಿಯಲ್ಲ.

ಲೆಂಥಾಲ್ ಆ ಕುರ್ಚಿಯಲ್ಲಿ ಬಹಳ ವರ್ಷ ಇದ್ದ. 1653ರಲ್ಲಿ ಕ್ರಾಮ್‌ವೆಲ್‌ನ ಸೈನಿಕರು ಬಂದಾಗ ಸುಮ್ಮನೆ ಎದ್ದು ಹೋಗಲಿಲ್ಲ, ಕೈಹಿಡಿದು ಇಳಿಸಬೇಕಾಯಿತು. ಅಲ್ಲಿಯವರೆಗೂ ಗಟ್ಟಿಯಾಗಿಯೇ ಇದ್ದ. 1660ರಲ್ಲಿ ರಾಜ ಮರಳಿದಾಗ, ಮರಣದಂಡನೆಗೆ ಸಹಿ ಹಾಕಿದವರ ಮೇಲೆ ವಿಚಾರಣೆ ಶುರುವಾಯಿತು. ಅವರಲ್ಲಿ ಥಾಮಸ್ ಸ್ಕಾಟ್ ಅನ್ನುವವನು ಒಬ್ಬ. ಹಿಂದೆ ಕೆಳಮನೆಯೊಳಗೆ ಸ್ಕಾಟ್ ಆಡಿದ ಮಾತುಗಳಿಗೆ ಸಾಕ್ಷಿ ಬೇಕಿತ್ತು. ಲೆಂಥಾಲ್ ಹೋಗಿ ಸಾಕ್ಷಿ ಹೇಳಿದ. ಸ್ಕಾಟ್‌ಗೆ ಮರಣದಂಡನೆ ಆಯಿತು.

1662ರಲ್ಲಿ ಲೆಂಥಾಲ್ ತೀರಿಕೊಂಡ. ತನ್ನ ಸಮಾಧಿಯ ಮೇಲೆ "ನಾನೊಂದು ಹುಳು" ಅಂತ ಮಾತ್ರ ಇರಲಿ ಅಂದಿದ್ದ.

ಹೊಳೆದಂಡೆ

ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಆವಾಗ ಅವನಿಗೆ ವಯಸ್ಸೆಷ್ಟು?" ಅಂತ ಕೇಳುತ್ತಿದ್ದಾಳೆ.

ಥೇಮ್ಸ್_ತೀರದಿಂದ

ಸಾಕ್ಷಿ ಹೇಳಿದಾಗ ಅರವತ್ತೊಂಬತ್ತರ ಆಸುಪಾಸು. ಹುಟ್ಟಿದ್ದು 1591ರಲ್ಲಿ.